ಸವಕಲು ಎಂಬ ಸುಲಭದ ದೂರು

ಧಾರಾವಾಹಿ, ಸಿನಿಮಾಗಳ ಮೇಲೆ ಓದಿದವರೆಲ್ಲ ಹೊರಿಸುವ ಆರೋಪ ಒಂದೇ: ಅದೇ ಹಳೇ ಸರಕು. ಬಾಗಿಲ ಮರೆಯಲ್ಲಿ ನಿಂತು ಗುಟ್ಟು ಕೇಳುವ ಅತ್ತಿಗೆ, ತಲೆಗೆ ಪೆಟ್ಟು ಬಿದ್ದು ಹೆಂಡತಿಯನ್ನೇ ಮರೆಯುವ ಗಂಡ, ಒಂದೇ ಮುಖದ ಇಬ್ಬರು, ಒಂದೇ ಕಪಾಳಮೋಕ್ಷವನ್ನು ಮೂರು ಸಲ ತೋರಿಸುವ ಕ್ಯಾಮೆರಾ, ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ‘ನಿಲ್ಲಿಸಿ’ ಎಂಬ ಕೂಗು, ಕನ್ನಡಕ ತೆಗೆದು ತಲೆ ತಗ್ಗಿಸುವ ಡಾಕ್ಟರು. ಇವನ್ನೆಲ್ಲ ಕಿತ್ತೊಗೆದರೆ ನಮ್ಮ ಪರದೆ ಉದ್ಧಾರವಾಗುತ್ತದೆ ಎಂಬುದು ಈಗ ಎಲ್ಲರೂ ಒಪ್ಪಿಕೊಂಡ ಮಾತು. ಬೀದರ್ ಸೀಮೆಯಲ್ಲಿ ಕೂತು ನೋಡಿದರೆ ಈ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಮತ್ತೆ ಮತ್ತೆ ಬರುವುದೇ ತಪ್ಪಾಗಿದ್ದರೆ ನಮ್ಮ ಭಾಗದ ಜನ ಎಂದೋ ಬೇಸತ್ತು ಎದ್ದು ಹೋಗಬೇಕಿತ್ತು. ಶ್ರಾವಣ ಬಂದರೆ ಇಲ್ಲಿನ ಮಠಗಳಲ್ಲಿ ಪುರಾಣ ಪ್ರವಚನ. ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು ಹೊರಡುತ್ತಾಳೆಂದು ಕೂತವರಿಗೆಲ್ಲ ಗೊತ್ತು. ಆದರೂ ಆ ರಾತ್ರಿ ಯಾರೂ ನಡುವೆ ಏಳುವುದಿಲ್ಲ. ಮಹಾರಾಷ್ಟ್ರಕ್ಕೆ ಅಂಟಿಕೊಂಡ ಔರಾದ್ ಕಡೆಯ ಹಳ್ಳಿಗಳಲ್ಲಿ ಸಪ್ತಾಹ ನಡೆದರೆ ಏಳು ದಿನವೂ ಕೇಳಿದ ಅಭಂಗಗಳೇ, ಗೊತ್ತಿದ್ದ ಸಂತರ ಕತೆಗಳೇ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಹೋಗುವವರು ಹೊಸ ಕತೆ ಕೇಳಲಿಕ್ಕೆ ಹೋಗುವುದಿಲ್ಲ. ಗೊತ್ತಿದ್ದನ್ನು ಈ ಸಲ ಹೇಳಿದವನು ಹೇಗೆ ಹೇಳಿದ ಎಂಬುದೇ ಮರುದಿನ ಕಟ್ಟೆಯ ಮೇಲಿನ ಮಾತು.

ಧಾರಾವಾಹಿ ನೋಡುವವರೂ ಇದೇ ಜನ. ಸಂಜೆ ಭಾಲ್ಕಿಯ ಒಂದು ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿ. ಮೊರದಲ್ಲಿ ತೊಗರಿಬೇಳೆ ಆರಿಸುತ್ತಿರುವ ಆಯಿ ಮುಖ ಎತ್ತದೆಯೇ, ‘ಈಗ ನೋಡು, ಅಕಿ ಬಾಗ್ಲಾಗ ನಿಂತು ಎಲ್ಲಾ ಕೇಳ್ತಾಳ’ ಅನ್ನುತ್ತಾಳೆ. ಹಾಗೆಯೇ ಆಗುತ್ತದೆ. ‘ಆಯಿ, ಬರ್ದೋರಿಗಿ ನೀನೇ ಹೇಳಿಕೊಟ್ಟಿ ಏನು?’ ಎಂದು ಮೊಮ್ಮಗಳು ನಗುತ್ತಾಳೆ. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಊಹೆ ನಿಜವಾದ ಖುಷಿಯೇ ಇದೆ. ಆಯಿಗೆ ಸಿಟ್ಟು ಬರುವುದು ಮುಂದೆ. ಗುಟ್ಟು ಕೇಳಿದವಳು ವಾರಗಟ್ಟಲೆ ಬಾಯಿ ಬಿಡುವುದಿಲ್ಲ. ಬಿಟ್ಟ ಮೇಲೂ ಮನೆಯಲ್ಲಿ ಒಂದು ಪಾತ್ರೆ ಜಾಗ ಬದಲಿಸುವುದಿಲ್ಲ. ‘ಇಷ್ಟು ಆದ ಮ್ಯಾಲೂ ಕೂಡಿ ಕುಂತು ಉಣ್ತಾರಲ್ಲ, ಇವ್ರಿಗಿ ಮಾನ ಅದನೋ ಇಲ್ಲೋ!’ ಇದು ಆಕೆಯ ವಿಮರ್ಶೆ, ನನ್ನ ವಾದವೂ ಇದೇ. ನೋಡುಗರನ್ನು ಕೆಣಕುವುದು ಹಳೆಯ ಸನ್ನಿವೇಶವಲ್ಲ. ಆ ಸನ್ನಿವೇಶಕ್ಕೆ ಯಾರೂ ಬೆಲೆ ತೆರದಿರುವುದು, ಅದು ಯಾವ ಊರಿಗೂ ಸೇರದಿರುವುದು.

‘ಪುಟ್ಟಗೌರಿ ಮದುವೆ’ಯನ್ನೇ ತೆಗೆದುಕೊಳ್ಳಿ. ಪ್ರಪಾತಕ್ಕೆ ಬಿದ್ದ ಗೌರಿ ಕಾಡಿನಲ್ಲಿ ಬದುಕುಳಿದ ಕಂತುಗಳು 2018ರಲ್ಲಿ ನಾಡಿನ ತುಂಬ ಗೇಲಿಯಾದವು. ಮೊಬೈಲಿನಲ್ಲಿ ಹರಿದಾಡಿದ ಚಟಾಕಿಗಳೆಲ್ಲ ಅವಳು ಬಿದ್ದದ್ದರ ಮೇಲೆಯೇ. ಹಿಂದಿಯ ‘ಬಾಲಿಕಾ ವಧು’ವಿನ ಕನ್ನಡ ರೂಪವಾಗಿ ಶುರುವಾದ ಆ ಧಾರಾವಾಹಿಯ ಕೈಯಲ್ಲಿ ಬಾಲ್ಯವಿವಾಹವೆಂಬ ಗಟ್ಟಿ ವಸ್ತುವಿತ್ತು. ನಮ್ಮ ಭಾಗದಲ್ಲಿ ಅದಿನ್ನೂ ಮುಗಿದ ಕತೆಯಲ್ಲ. ಓದು ನಿಂತ ಹುಡುಗಿ, ಅಕ್ಕನ ಮದುವೆಯ ಖರ್ಚಿನಲ್ಲೇ ತಂಗಿಯದನ್ನೂ ಮುಗಿಸಿಬಿಡುವ ಅಪ್ಪನ ಲೆಕ್ಕಾಚಾರ, ಇವೆಲ್ಲ ಹಳ್ಳಿಯವರಿಗೆ ಗೊತ್ತಿರುವಂಥವು. ಪ್ರಪಾತ ನೋಡಿ ನಕ್ಕವರು ಬಹಳ. ಮೊದಲಿನ ವಸ್ತು ಎಲ್ಲಿ ಜಾರಿಬಿತ್ತು ಎಂದು ಕೇಳಿದವರು ಕಡಿಮೆ.

ಮಾರುವೇಷವೂ ಹೀಗೆಯೇ ಗೇಲಿಗೆ ಸಿಕ್ಕ ಸನ್ನಿವೇಶ. ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡ ನಾಯಕನನ್ನು ಹೆತ್ತ ತಾಯಿಯೂ ಗುರುತಿಸದಿದ್ದರೆ ನಗು ಬರುವುದು ಸಹಜ. ಆದರೆ ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ, ಕೇಳುವವರು ಇಂದಿಗೂ ಸೆಟೆದು ಕೂಡುತ್ತಾರೆ. ಇಡೀ ಶಾಲೆಯೇ ವೇಷ ಹಾಕಿತ್ತು. ಸನ್ನಿವೇಶ ಅದೇ, ಆದರೆ ಇಲ್ಲಿ ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ದೊಡ್ಡದಿತ್ತು.

ಒಂದೇ ಮುಖದ ಇಬ್ಬರು, ರೂಪ ಬದಲಿಸುವ ಹಾವು: ಇವೆರಡನ್ನೂ ಟಿವಿ ಸವೆಸಿ ಹಾಕಿದೆ ಅನ್ನುತ್ತೇವೆ. ಇವೆರಡೂ ಒಟ್ಟಿಗೇ ಇರುವುದು ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದಾಗ ಪಾತ್ರಗಳು ಉತ್ತರ ಕರ್ನಾಟಕದ ಮಾತನ್ನೇ ಆಡಿದವು. ಅಲ್ಲಿ ಹಾವು ಗಂಡನ ರೂಪದಲ್ಲಿ ಬಂದುಹೋದದ್ದಕ್ಕೆ ರಾಣಿ ಊರ ಮುಂದೆ ನಿಂತು ಉತ್ತರ ಕೊಡಬೇಕಾಗುತ್ತದೆ. ಇದನ್ನು ಸವಕಲು ಎಂದು ಯಾರೂ ಅನ್ನಲಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕಿದ್ದರೆ ಮರಾಠಿಯ ‘ಸೈರಾಟ್’ ಇದೆ. ಸಾಹುಕಾರನ ಮಗಳು, ಬಡವರ ಹುಡುಗ, ಓಡಿಹೋಗುವುದು: ಇದಕ್ಕಿಂತ ತೇದುಹೋದ ಕತೆ ಭಾರತದ ಸಿನಿಮಾದಲ್ಲಿ ಇನ್ನೊಂದಿಲ್ಲ. 2016ರಲ್ಲಿ ನಾಗರಾಜ ಮಂಜುಳೆ ಅದನ್ನೇ ಸೊಲ್ಲಾಪುರ ಜಿಲ್ಲೆಯ ಕರಮಾಳಾದ ನೆಲ, ಮಾತು, ಜಾತಿ ಲೆಕ್ಕದ ಸಮೇತ ಹೇಳಿದರು. ಪ್ರೇಮಿಗಳು ಓಡಿಬಂದು ಸೇರುವುದು ಹೈದರಾಬಾದನ್ನು. ಅಲ್ಲಿನ ಭಾಷೆ ಬಾರದೆ ಒದ್ದಾಡುತ್ತಾರೆ, ಸಣ್ಣ ಕೋಣೆಗೆ ಒಗ್ಗುತ್ತಾರೆ, ಜಗಳವಾಡುತ್ತಾರೆ. ದುಡಿಮೆಗೆಂದು, ದವಾಖಾನೆಗೆಂದು ಹೈದರಾಬಾದಿನ ದಾರಿ ಹಿಡಿಯುವ ಬೀದರಿನವರಿಗೆ ಆ ಭಾಗ ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ಎಸ್. ನಾರಾಯಣ್ ಅದನ್ನು ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಗಿ ತೆಗೆದರು. ಕತೆ ಅದೇ, ನಾಯಕಿಯೂ ಅದೇ ರಿಂಕು ರಾಜಗುರು. ಆದರೂ ಇವತ್ತಿಗೆ ಜನರ ಬಾಯಲ್ಲಿ ಉಳಿದದ್ದು ‘ಸೈರಾಟ್’. ಸನ್ನಿವೇಶವನ್ನು ಹೊತ್ತು ತರಬಹುದು, ಊರನ್ನು ತರಲಾಗುವುದಿಲ್ಲ.

ಊರಿನ ವಿಷಯಕ್ಕೆ ಬಂದರೆ ನಮ್ಮ ಪರದೆಯ ನಿಜವಾದ ಸವಕಲು ಕಾಣುತ್ತದೆ, ಅದನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಹಳ್ಳಿ ಎಂದರೆ ತೆಂಗಿನ ಸಾಲು, ಹಸಿರು ಗದ್ದೆ, ಅರಳಿಕಟ್ಟೆಯ ಪಂಚಾಯಿತಿ, ಮೀಸೆ ತಿರುವುವ ಗೌಡರು. ನಮ್ಮ ಹಳ್ಳಿಯಲ್ಲಿ ಇರುವುದು ಕಪ್ಪು ಎರೆ, ಕೆಂಪು ಜಂಬಿಟ್ಟಿಗೆ ಕಲ್ಲು, ತೊಗರಿ, ಸೋಯಾ, ಪಾಟೀಲರ ವಾಡೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಹಬ್ಬ ಯಾವ ಧಾರಾವಾಹಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೀದರ್ ಕೋಟೆಯ ಮುಂದೆ ಹಾಡು ಕುಣಿಸಿ ಹೋಗುವವರಿದ್ದಾರೆ, ಕೋಟೆಯೊಳಗಿನ ಓಣಿಗಳಲ್ಲಿ ಮನೆ ಮಾಡಿಕೊಂಡವರ ಕತೆ ಕೇಳುವವರಿಲ್ಲ. ಮಾತಿನ ಗತಿಯೂ ಇದೇ. ಉತ್ತರದ ಕನ್ನಡ ಬೇಕಾಗುವುದು ವಾಚ್‌ಮನ್‌ಗೆ, ಪೆದ್ದನಿಗೆ, ಖಳನ ಬಂಟನಿಗೆ. ಅದೂ ಹುಬ್ಬಳ್ಳಿ-ಧಾರವಾಡದ ಮಾತೇ ಇಡೀ ಉತ್ತರಕ್ಕೆ ಸಾಕು ಎಂಬ ತಿಳುವಳಿಕೆ. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ಯಂಥ ಧಾರಾವಾಹಿ ಆ ಮಾತಿಗೆ ನಡುಮನೆಯಲ್ಲಿ ಜಾಗ ಕೊಟ್ಟಿತ್ತು, ಜನ ಮೆಚ್ಚಿದ್ದರು ಕೂಡ. ಅದು ರೂಢಿಯಾಗಲಿಲ್ಲ.

‘ಟಿಆರ್‌ಪಿ ಇರುವುದು ಬೆಂಗಳೂರು, ಮೈಸೂರು ಕಡೆ, ಬೀದರಿನವರು ಹೇಗೂ ಹಿಂದಿ, ಮರಾಠಿ ನೋಡುತ್ತಾರೆ’ ಎಂದು ವ್ಯಾಪಾರ ಬಲ್ಲವರು ಹೇಳಬಹುದು. ನೋಡುತ್ತಾರೆ, ನಿಜ. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು; ಉದಗೀರ, ನಿಲಂಗಾ ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗು ಸೀಮೆಗೆ ಹೋದವು. ಬೀಗತನ, ಸಂತೆ, ಮಾತು ಮಾತ್ರ ಗಡಿ ಕೇಳಲಿಲ್ಲ. ಇಂಥ ಮನೆಯಲ್ಲಿ ರಿಮೋಟು ಮರಾಠಿಗೆ ಹೊರಳಿದರೆ ಅದನ್ನು ಕನ್ನಡಾಭಿಮಾನದ ಕೊರತೆ ಎನ್ನುವುದು ಅನ್ಯಾಯ. ತಮ್ಮ ಮನೆಯಂಥ ಮನೆ ಎಲ್ಲಿ ಕಂಡಿತೋ ಅಲ್ಲಿ ಜನ ನಿಂತಿದ್ದಾರೆ.

ಆದ್ದರಿಂದ ಹಳೆಯ ಸನ್ನಿವೇಶಗಳನ್ನು ನಿಷೇಧಿಸಿ ಎಂಬ ಬೇಡಿಕೆ ನನ್ನದಲ್ಲ. ತಲೆಗೆ ಪೆಟ್ಟು ಬೀಳಲಿ. ಆದರೆ ಪೆಟ್ಟು ಬಿದ್ದವನು ಔರಾದಿನವನಾದರೆ ಅವನನ್ನು ಮೊದಲು ಬೀದರಿಗೆ ತರಬೇಕು, ಅಲ್ಲಿ ‘ಹೈದರಾಬಾದಿಗೆ ಒಯ್ಯಿರಿ’ ಅನ್ನಿಸಿಕೊಳ್ಳಬೇಕು, ಗಾಡಿಗೆ, ಔಷಧಕ್ಕೆ ಎಮ್ಮೆ ಮಾರಬೇಕು. ಅವನಿಗೆ ನೆನಪು ಮರಳುವ ಹೊತ್ತಿಗೆ ಮನೆಯ ಮೇಲೆ ಎಷ್ಟು ಸಾಲವಿದೆ ಎಂದು ಕತೆ ಬರೆಯುವವರಿಗೆ ಗೊತ್ತಿರಬೇಕು. ಅಷ್ಟು ಗೊತ್ತಿದ್ದು ಬರೆದರೆ ಆ ಕಂತನ್ನು ಇಲ್ಲಿ ಯಾರೂ ಸವಕಲು ಎನ್ನುವುದಿಲ್ಲ.