ಫಜಾನ್ಸ್ ನಿಯಮ: ಬಾಯಿಪಾಠಕ್ಕೆ ಸಿಕ್ಕಿಬಿದ್ದ ಒಳ್ಳೆಯ ವಿಚಾರ

ಹೈದರಾಬಾದಿನ ಜೀಡಿಮೆಟ್ಲಾ ಬಲ್ಕ್ ಡ್ರಗ್ ಕಾರ್ಖಾನೆಗಳಿಗೆ ಹೆಸರಾದ ಜಾಗ. ಔಷಧ ತಯಾರಿಕೆಯಲ್ಲಿ ಫ್ರೀಡೆಲ್–ಕ್ರಾಫ್ಟ್ಸ್ ಕ್ರಿಯೆಗೆ ಬಳಸುವ ಹಳೆಯ ವೇಗವರ್ಧಕ ಅನ್‌ಹೈಡ್ರಸ್ ಅಲ್ಯೂಮಿನಿಯಂ ಕ್ಲೋರೈಡ್. ಡ್ರಮ್ಮಿನ ಮುಚ್ಚಳ ತೆಗೆದರೆ ಗಾಳಿಯ ತೇವ ತಗುಲಿ ಹೈಡ್ರೋಜನ್ ಕ್ಲೋರೈಡಿನ ಘಾಟು ಹೊಗೆ ಏಳುತ್ತದೆ. ಅಡುಗೆ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದೂ ಲೋಹದ ಕ್ಲೋರೈಡೇ, ಇದೂ ಲೋಹದ ಕ್ಲೋರೈಡೇ. ಆದರೂ ಇದು ಸುಮಾರು 180 ಡಿಗ್ರಿಗೇ ಆವಿಯಾಗಿಬಿಡುತ್ತದೆ. ಯಾಕೆ ಎಂದು ಪಿಯುಸಿ ಹುಡುಗರನ್ನು ಕೇಳಿದರೆ ‘ಫಜಾನ್ಸ್ ನಿಯಮ’ ಎಂಬ ಉತ್ತರ ತಟ್ಟನೆ ಬರುತ್ತದೆ. ನನ್ನ ತಕರಾರು ಆ ತಟ್ಟನೆಯ ಬಗ್ಗೆ.

ಕಾಜಿಮಿಯೆರ್ಜ್ ಫಜಾನ್ಸ್ 1923ರಲ್ಲಿ ಮಂಡಿಸಿದ ವಿಚಾರ ನಿಜಕ್ಕೂ ಸೊಗಸಾದದ್ದು. ಪುಟ್ಟದಾದ, ಹೆಚ್ಚು ಆವೇಶದ ಧನ ಅಯಾನು ದೊಡ್ಡ ಋಣ ಅಯಾನಿನ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಸೆಳೆಯುತ್ತದೆ. ಕೊಟ್ಟುಬಿಟ್ಟ ಎಲೆಕ್ಟ್ರಾನು ಹೀಗೆ ಅರೆಬರೆ ಹಂಚಿಕೆಯಾಗುತ್ತದೆ, ಅಂದರೆ ಅಯಾನಿಕ ಬಂಧಕ್ಕೆ ಸಹವೇಲೆನ್ಸೀಯ ಗುಣ ಬರುತ್ತದೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕ ಇದನ್ನು ಮೂರು ಅಂಶಗಳಲ್ಲಿ ಮುಗಿಸಿದೆ. ಮೊದಲೆರಡು ಗಾತ್ರ ಮತ್ತು ಆವೇಶ, ಎಲ್ಲರಿಗೂ ಬಾಯಿಗೆ ಬರುತ್ತವೆ. ಸ್ವಾರಸ್ಯವಿರುವುದು ಮೂರನೆಯದರಲ್ಲಿ, ಅಂದರೆ ಧನ ಅಯಾನಿನ ಎಲೆಕ್ಟ್ರಾನ್ ವಿನ್ಯಾಸದಲ್ಲಿ. ಕ್ಯಾಲ್ಸಿಯಂ ಮತ್ತು ಪಾದರಸದ ಅಯಾನುಗಳಿಗೆ ಆವೇಶ ಒಂದೇ, ತ್ರಿಜ್ಯವೂ ಹೆಚ್ಚುಕಡಿಮೆ 100 ಪಿಕೋಮೀಟರ್. ಆದರೆ ಕ್ಯಾಲ್ಸಿಯಂ ಕ್ಲೋರೈಡ್ ಕರಗುವುದು 772 ಡಿಗ್ರಿಗೆ, ಮರ್ಕ್ಯುರಿಕ್ ಕ್ಲೋರೈಡ್ 276ಕ್ಕೆ. ಪಾದರಸದ ಡಿ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸೆಳೆತವನ್ನು ಸರಿಯಾಗಿ ಮರೆಮಾಡಲಾರವು. ಗಾತ್ರ–ಆವೇಶದ ಲೆಕ್ಕವಷ್ಟೇ ಕಲಿತವನಿಗೆ ಈ ಜೋಡಿ ಒಗಟಾಗಿಯೇ ಉಳಿಯುತ್ತದೆ.

ಕೆಟ್ಟಿರುವುದು ಬಳಕೆ. ನಿಯಮವನ್ನು ನಾವು ಕರಗುವ ಬಿಂದುವಿನ ಜ್ಯೋತಿಷ್ಯ ಮಾಡಿಕೊಂಡಿದ್ದೇವೆ. ಸಹವೇಲೆನ್ಸೀಯತೆ ಹೆಚ್ಚಾದಷ್ಟೂ ಬೇಗ ಕರಗಬೇಕು ಎನ್ನುವುದಾದರೆ, ಮರಳಿನ ಸಿಲಿಕಾ 1700 ಡಿಗ್ರಿಯ ಆಸುಪಾಸಿನವರೆಗೆ ಜಗ್ಗದೆ ಕೂರುವುದೇಕೆ? ಘನ ಅಲ್ಯೂಮಿನಿಯಂ ಕ್ಲೋರೈಡಿನಲ್ಲಿ ಪ್ರತಿ ಅಲ್ಯೂಮಿನಿಯಂ ಸುತ್ತ ಆರು ಕ್ಲೋರಿನ್‌ಗಳಿರುತ್ತವೆ. ಬಿಸಿಯಾದಾಗ ಅದು ಎರಡು ಅಲ್ಯೂಮಿನಿಯಂ, ಆರು ಕ್ಲೋರಿನ್‌ಗಳ ಪುಟ್ಟ ಅಣುಗಳಾಗಿ ಕಳಚಿಕೊಳ್ಳುತ್ತದೆ. ಬೇಗ ಆವಿಯಾಗುವ ಗುಟ್ಟು ಇರುವುದು ಈ ಕಳಚಿಕೊಳ್ಳುವಿಕೆಯಲ್ಲಿ. ಕರಗಿದ ದ್ರವದಲ್ಲಿ ವಿದ್ಯುತ್ ಅಷ್ಟಾಗಿ ಹರಿಯದು. ಅದೇ ಪುಡಿಯನ್ನು ನೀರಿಗೆ ಹಾಕಿ (ಹುಷಾರು, ಭೋರ್ಗರೆಯುತ್ತದೆ), ಆರು ನೀರಿನಣುಗಳನ್ನು ಸುತ್ತಿಕೊಂಡ ಅಲ್ಯೂಮಿನಿಯಂ ಅಯಾನುಗಳ ದ್ರಾವಣವಾಗಿ ಸಲೀಸಾಗಿ ವಿದ್ಯುತ್ ಹರಿಸುತ್ತದೆ.

ಇಷ್ಟು ವೇಷ ಹಾಕುವ ವಸ್ತುವನ್ನು ‘ಅಯಾನಿಕವೋ, ಸಹವೇಲೆನ್ಸೀಯವೋ’ ಎಂದು ಒಂದು ಅಂಕಕ್ಕೆ ಕೇಳುವುದು ರಸಾಯನಶಾಸ್ತ್ರವಲ್ಲ. ಫಜಾನ್ಸ್ ನಿಯಮ ಒಂದೇ ಬಗೆಯ ಎರಡು ಸಂಯುಕ್ತಗಳನ್ನು ಹೋಲಿಸಲು ಒಳ್ಳೆಯ ಸಾಧನ. ಅಷ್ಟಕ್ಕೇ ಅದನ್ನು ಬಳಸಬೇಕು. ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳು ಮುಂದಿನ ಸಲ ಘನದಲ್ಲೋ, ದ್ರವದಲ್ಲೋ, ನೀರಿನಲ್ಲೋ ಎಂಬುದನ್ನೂ ಸೇರಿಸಿ ಕೇಳಲಿ.