ಎಪಿಡ್ಯೂರಲ್ ಉಪಶಮನ: ಒಂದು ವಿಮರ್ಶೆ

ಉದರದ ದೊಡ್ಡ ಶಸ್ತ್ರಚಿಕಿತ್ಸೆಯ ತರುವಾಯದ ವೇದನೆಯನ್ನು ರೋಗಿಯು ಹಲ್ಲುಕಚ್ಚಿ ಸಹಿಸತಕ್ಕ ಕ್ಲೇಶವೆಂದಷ್ಟೇ ಎಣಿಸುವುದು ಸಲ್ಲದು. ಏಕೆಂದರೆ ಗಾಯದ ನೋವಿಗೆ ಅಂಜಿದವನು ದೀರ್ಘವಾಗಿ ಉಸಿರೆಳೆಯಲಾರನು, ಕೆಮ್ಮಿ ಕಫವನ್ನು ಹೊರಗೆಡಹಲಾರನು, ತತ್ಫಲವಾಗಿ ಶ್ವಾಸಕೋಶದ ಅಧೋಭಾಗವು ಕುಗ್ಗಿ ನ್ಯುಮೋನಿಯಾಕ್ಕೆ ಎಡೆಗೊಡುವುದು. ಮಾರ್ಫೀನನ್ನು ರಕ್ತನಾಳದ ಮೂಲಕ ಕೊಟ್ಟಲ್ಲಿ ನೋವು ತಗ್ಗುವುದಾದರೂ ಉಸಿರು ಮಂದವಾಗಿ ಕರುಳು ಜಡವಾಗುವುದುಂಟು. ಬೆನ್ನುಹುರಿಯ ಹೊರಪೊರೆಯ ಆಚೆಗಿರುವ ಕಿರಿದಾದ ಎಡೆಯಲ್ಲಿ ನವುರಾದ ಕ್ಯಾಥೆಟರನ್ನಿರಿಸಿ, ಸ್ಥಳೀಯ ಅರಿವಳಿಕೆಯಾದ ಬುಪಿವಕೇನನ್ನು ಮಾರ್ಫೀನಿನ ವರ್ಗದ ಫೆಂಟನಿಲಿನ ಅಲ್ಪ ಪ್ರಮಾಣದೊಡನೆ ಹರಿಯಿಸಿ, ಗಾಯದ ಸೀಮೆಗೆ ಸೇರಿದ ನರಮೂಲಗಳನ್ನು ಮಂಕುಗೊಳಿಸುವ ಎಪಿಡ್ಯೂರಲ್ ಕ್ರಮವು ಈ ಉಭಯಸಂಕಟಕ್ಕೆ ದೊರೆತ ಉತ್ತರ. 1921ರಲ್ಲಿ ಸ್ಪೇನಿನ ಸೇನಾವೈದ್ಯ ಫಿಡೆಲ್ ಪಾಹೆಸನು ಆ ಎಡೆಗೆ ಔಷಧವನ್ನು ಹಾಯಿಸುವ ವಿಧಾನವನ್ನು ವಿವರಿಸಿದನು. 1947ರಲ್ಲಿ ಹವಾನಾದ ಮಾನುಯೆಲ್ ಮಾರ್ಟಿನೆಸ್ ಕುರ್ಬೆಲೋ ಅದೇ ಎಡೆಯಲ್ಲಿ ಕ್ಯಾಥೆಟರನ್ನು ನೆಲೆಗೊಳಿಸಲಾಗಿ, ಗಳಿಗೆಗಳ ಉಪಶಮನವನ್ನು ದಿನಗಳವರೆಗೆ ಮುಂದುವರಿಸುವ ಹಾದಿ ತೆರೆಯಿತು.

ಇದರ ಯೋಗ್ಯತೆಯನ್ನು ಅಳೆಯುವಲ್ಲಿ ವೈದ್ಯಲೋಕವು ಬಹುಕಾಲ ಮರಣಸಂಖ್ಯೆಯನ್ನೇ ಒರೆಗಲ್ಲಾಗಿ ಹಿಡಿಯಿತು. 2000ದಲ್ಲಿ 141 ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು, ಎಪಿಡ್ಯೂರಲ್ ಮತ್ತು ಸ್ಪೈನಲ್ ಅರಿವಳಿಕೆಗಳಿಂದ ಮರಣವು ಸುಮಾರು ಮೂರನೆಯ ಒಂದು ಪಾಲು ತಗ್ಗುವುದೆಂದು ಸಾರಿತು. ಆದರೆ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಮಾಸ್ಟರ್ ಪ್ರಯೋಗದಲ್ಲಿ, ಅಪಾಯದ ಅಂಚಿನಲ್ಲಿದ್ದ 915 ಮಂದಿ ರೋಗಿಗಳನ್ನು ಪರಿಗಣಿಸಿದಾಗ, ಅಂಥ ಲಾಭವು ಕಾಣಲಿಲ್ಲ. ಇದರಿಂದ ನಿರಾಶರಾದವರು ಅದೇ ಪ್ರಯೋಗದ ಉಳಿದ ಫಲವನ್ನು ಲಘುವಾಗಿ ಕಂಡುದು ಶೋಚನೀಯ: ಉಸಿರಾಟದ ವೈಫಲ್ಯವು ಶೇಕಡ 30ರಿಂದ 23ಕ್ಕೆ ಇಳಿದಿತ್ತು, ಮೊದಲ ದಿನಗಳ ನೋವೂ ಕಡಮೆಯಾಗಿತ್ತು. ನೋವಿಲ್ಲದೆ ಕೆಮ್ಮಬಲ್ಲವನ ಸೌಖ್ಯವು ತನ್ನಷ್ಟಕ್ಕೆ ತಾನೇ ಒಂದು ಪುರುಷಾರ್ಥ; ಅದನ್ನು ಆಯುಸ್ಸಿನ ಲೆಕ್ಕದಿಂದ ಸಮರ್ಥಿಸಬೇಕಾದುದಿಲ್ಲ.

ದೋಷಗಳಾದರೋ ಅಲ್ಪವಲ್ಲ. ರಕ್ತದೊತ್ತಡ ಕುಸಿಯಬಹುದು, ಕ್ಯಾಥೆಟರು ಜಾರಬಹುದು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಪಡೆಯುವವನಲ್ಲಿ, ವಿರಳವಾಗಿಯಾದರೂ, ಆ ಎಡೆಯಲ್ಲಿ ರಕ್ತವು ಸೋರಿ ಶೇಖರವಾಗಿ ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಬಲವು ಶಾಶ್ವತವಾಗಿ ನಷ್ಟವಾದೀತು. ಲ್ಯಾಪರೊಸ್ಕೋಪಿಯ ಸಣ್ಣ ಗಾಯಗಳಿಗೆ ಇಷ್ಟು ಅಪಾಯವನ್ನು ಹೊರುವುದು ಯುಕ್ತವಲ್ಲ. ಅಲ್ಲಿ ಉದರಭಿತ್ತಿಯ ನರಗಳನ್ನಷ್ಟೇ ಮಂಕುಗೊಳಿಸುವ ಟ್ಯಾಪ್ ಬ್ಲಾಕ್ ಸಾಮಾನ್ಯವಾಗಿ ಸಾಕಾಗುವುದು, ಒಳ ಅಂಗಗಳ ನೋವನ್ನು ಅದು ಮುಟ್ಟದೆಂಬ ಕೊರತೆ ಇದ್ದರೂ.

ಆದುದರಿಂದ ಉದರವನ್ನು ವಿಶಾಲವಾಗಿ ತೆರೆಯುವ ಶಸ್ತ್ರಕ್ರಿಯೆಗೆ ಎಪಿಡ್ಯೂರಲೇ ಇಂದಿಗೂ ಶ್ರೇಷ್ಠವೆಂಬುದು ನನ್ನ ಮತವಾದರೂ, ಆ ಶ್ರೇಷ್ಠತೆಯು ಸೂಜಿ ಚುಚ್ಚಿದ ಕೈಯೊಂದರಿಂದಲೇ ಸಿದ್ಧಿಸುವುದಿಲ್ಲ. ನಡುರಾತ್ರಿಯಲ್ಲಿ ರಕ್ತದೊತ್ತಡವನ್ನು ನೋಡುವ, ಕಾಲನ್ನೆತ್ತಿ ತೋರಿಸೆಂದು ಕೇಳುವ, ಎತ್ತಲಾರದಿದ್ದರೆ ತಡಮಾಡದೆ ವೈದ್ಯನನ್ನು ಕರೆಯುವ ತರಬೇತಾದ ದಾದಿಯಿಲ್ಲದ ವಾರ್ಡಿನಲ್ಲಿ ಈ ಕ್ರಮವನ್ನು ಕೈಕೊಳ್ಳಕೂಡದು.