ಇನ್ನರ್ ಸರ್ಕಲ್ ಸುತ್ತಿ ಬನ್ನಿ

ಕೇಂಬ್ರಿಡ್ಜ್ ರಸ್ತೆಯಲ್ಲಿ ಸೊಪ್ಪು ಕೊಂಡು, ಹಲಸೂರು ಸೋಮೇಶ್ವರನಿಗೆ ಕೈಮುಗಿದು ಬರುವ ಜೋಗುಪಾಳ್ಯದವರಿಗೆ ಇಂಗ್ಲೆಂಡಿನ ಹೆಸರುಗಳು ಹೊಸವಲ್ಲ. ಹೆಸರಷ್ಟೇ ಸಾಲದು, ಇಂಗ್ಲಿಷ್ ಹಳ್ಳಿಯನ್ನೇ ನೋಡಬೇಕು ಎನ್ನುವವರು ಹಲಸೂರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ. ಕಾಡುಗೋಡಿಗೆ ಒಂದು ನಿಲ್ದಾಣ ಮೊದಲೇ, ಹೋಪ್‌ಫಾರ್ಮ್ ಚನ್ನಸಂದ್ರದಲ್ಲಿ ಇಳಿದು, ಆಟೊದವರಿಗೆ ವೈಟ್‌ಫೀಲ್ಡ್ ಇನ್ನರ್ ಸರ್ಕಲ್ ಎಂದು ಹೇಳಿ.

1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತಷ್ಟೇ. ಮರುವರ್ಷವೇ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ–ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಇದಕ್ಕಾಗಿ ಓಡಾಡಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು. ರೈಲ್ವೆ, ತಂತಿ ಇಲಾಖೆಗಳ ನೌಕರಿಯನ್ನೇ ನೆಚ್ಚಿಕೊಂಡಿದ್ದ ಆಂಗ್ಲೋ–ಇಂಡಿಯನ್ನರು ನೆಲ ಉತ್ತು ಬದುಕಲಿ ಎಂಬುದು ಅವರ ಲೆಕ್ಕಾಚಾರ. ಬೇಸಾಯ ಎಣಿಸಿದಂತೆ ಕೈಹಿಡಿಯಲಿಲ್ಲ. ಊರು ಬರಬರುತ್ತಾ ಪಿಂಚಣಿದಾರರ ತಂಗುದಾಣವಾಯಿತು. ಜಾರ್ಖಂಡಿನ ಮೆಕ್‌ಕ್ಲಸ್ಕಿಗಂಜ್ ಇಂಥದೇ ಕನಸಿನ ಊರು, ಆದರೆ ಅದು ಹುಟ್ಟಿದ್ದು 1933ರಲ್ಲಿ. ನಮ್ಮದೇ ಹಿರಿಯದು.

ಇಲ್ಲಿ ಮೊದಲು ನೋಡಬೇಕಾದದ್ದು ಕಟ್ಟಡವಲ್ಲ, ರಸ್ತೆ. ನಡುವೆ ಬಯಲು, ಅದರ ಸುತ್ತ ದುಂಡಗೆ ದಾರಿ, ದಾರಿಗೆ ಮುಖಮಾಡಿ ಮನೆಗಳು. ನಮ್ಮ ಹಳ್ಳಿ ಗುಡಿ, ಅರಳಿಕಟ್ಟೆ, ಕೇರಿಗಳ ಹಿಂದೆ ತನಗೆ ತೋಚಿದಂತೆ ಬೆಳೆಯುತ್ತದೆ. ಈ ಊರನ್ನು ಕಾಗದದ ಮೇಲೆ ಕೈವಾರ ಊರಿ ಬರೆದಿದ್ದಾರೆ. ಒಂದು ಸುತ್ತು ನಡೆಯಿರಿ. ಉಳಿದಿರುವ ಹಳೆಯ ಬಂಗಲೆ ಕಂಡಲ್ಲಿ ನಿಂತು ಕಿಟಕಿಯ ಮೇಲ್ಭಾಗ ನೋಡಿ: ಮರದ ಕಿರುಪಟ್ಟಿಗಳನ್ನು ಸಾಲಾಗಿ ಜೋಡಿಸಿದ, ಚೂಪುತುದಿಯ ಟೋಪಿಯಂಥ ಮಾಡು. ಬೆಂಗಳೂರಿನವರು ಮಂಕಿಟಾಪ್ ಎನ್ನುವುದು ಇದನ್ನೇ. ಬಿಸಿಲು, ಇರಚಲು ಎರಡನ್ನೂ ತಡೆದು ಗಾಳಿಯನ್ನಷ್ಟೇ ಒಳಬಿಡುತ್ತದೆ. ಬಂಗಲೆಯ ಮೇಲೆ ಮಂಗಳೂರು ಹೆಂಚು. ಇಂಗ್ಲಿಷ್ ಹಳ್ಳಿ ಎಂದರೂ ತಲೆಯ ಮೇಲಿನ ಸೂರು ನಮ್ಮ ಕರಾವಳಿಯದು!

ಹತ್ತಿರದಲ್ಲೇ 1886ರ ಮೆಮೋರಿಯಲ್ ಚರ್ಚ್ ಇದೆ. ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗಿ. ಇನ್ನು ವೇವರ್ಲಿ ಇನ್ ಎಂಬ ಹಳೆಯ ತಂಗುಮನೆ. ಚರ್ಚಿಲ್ ಇಲ್ಲಿನ ಮಾಲೀಕರ ಮಗಳನ್ನು ಮೆಚ್ಚಿ ಬರುತ್ತಿದ್ದರೆಂಬ ಕತೆಯನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. 1896ರಲ್ಲಿ ಅವರು ಬೆಂಗಳೂರಿಗೆ ಬಂದು ದಂಡಿನಲ್ಲಿದ್ದದ್ದು ನಿಜ. ಉಳಿದದ್ದನ್ನು ಕತೆಯಾಗಿಯೇ ಕೇಳಿ. ಉಳುಮೆ ಮಾಡಲು ಹೊರಟ ಗುಮಾಸ್ತರ ಸಾಹಸ ನನಗೆ ಆ ಪ್ರೇಮಪುರಾಣಕ್ಕಿಂತ ರುಚಿ.

ಇಂಥ ಹಳೆಯ ಊರು ಉಳಿಯುವುದು ಹೇಗೆ? ಇಂಗ್ಲೆಂಡಿನ ಲೇಕಾಕ್ ಎಂಬ ಹಳ್ಳಿ 1944ರಲ್ಲಿ, ಪರಂಪರೆಯನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಪಾಲಾಯಿತು. ಹಳ್ಳಿಯ ಬಹುಪಾಲು ಮನೆಗಳಿಗೆ ಒಬ್ಬನೇ ಯಜಮಾನ, ಹಾಗಾಗಿ ಹಳೆಯ ಚಹರೆ ಉಳಿಯಿತು. ಇನ್ನರ್ ಸರ್ಕಲ್‌ನಲ್ಲಿ ಒಂದೊಂದು ಕಾಂಪೌಂಡಿಗೂ ಒಬ್ಬೊಬ್ಬ ಮಾಲೀಕ, ಗೇಟಿನಾಚೆ ಕಾದಿರುವ ಬಿಲ್ಡರು. ಮನೆಮನೆಯನ್ನೂ ಉಳಿಸಿ ಎಂದು ಹಟ ಹಿಡಿಯುವುದು ನ್ಯಾಯವಲ್ಲ. ಆದರೆ ಆ ದುಂಡು ರಸ್ತೆ, ನಡುವಿನ ಬಯಲು ಊರಿಗೆಲ್ಲ ಸೇರಿದ್ದು. ಅವಕ್ಕೆ ಕೈಹಚ್ಚದಂತೆ ಪಾಲಿಕೆ ಕಟ್ಟುಪಾಡು ಮಾಡಲೇಬೇಕು.

ಹೋಗುವವರಿಗೆ ಒಂದು ಮಾತು. ಅವು ಜನ ವಾಸವಿರುವ ಮನೆಗಳು. ಗೇಟು ತೆರೆದಿದ್ದರೂ ಹೊರಗಿನಿಂದಲೇ ನೋಡಿ; ಕೇಳದೆ ಫೋಟೊ ತೆಗೆಯಬೇಡಿ.